ಕಾಳಿಯ ದಡಕ್ಕೊಬ್ಬ ಚಿತ್ರಕಾರ ಬೇಕು

ಅಮೆರಿಕದ ಜಾರ್ಜ್ ಇನ್ನೆಸ್ ಎಂಬ ಚಿತ್ರಕಾರನು 1855ರ ಸುಮಾರಿಗೆ, ರೈಲ್ವೆ ಕಂಪನಿಯೊಂದು ಹಣ ತೆತ್ತು ಬರೆಯಿಸಿದ ‘ಲ್ಯಾಕವಾನಾ ಕಣಿವೆ’ಯ ಚಿತ್ರದಲ್ಲಿ, ಹೊಗೆಯುಗುಳುವ ಉಗಿಬಂಡಿಯನ್ನು ದೂರದಲ್ಲಿರಿಸಿ, ಕಡಿದ ಮರಗಳ ಬೊಡ್ಡೆಗಳನ್ನು ಮಾತ್ರ ಪ್ರೇಕ್ಷಕನ ಕಾಲಬುಡದಲ್ಲಿಯೇ ಹರಡಿದ್ದಾನೆ, ಹಣ ತೆತ್ತವರ ಮನೋಗತವೇನೇ ಇದ್ದಿರಲಿ, ಕುಂಚವು ಸುಳ್ಳಾಡಲಿಲ್ಲ. ನಮ್ಮಲ್ಲಿಯೂ ಅಂಥದೇ ದೃಶ್ಯವಿದೆ: ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಜನಿಸಿದ ಕಾಳಿ ನದಿಯು ದಾಂಡೇಲಿಗೆ ಇಳಿದುಬರುವಲ್ಲಿ, 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯು ಅರಣ್ಯದ ಬಿದಿರನ್ನು ಅರೆದು ಕಾಗದವನ್ನಾಗಿಸಿತು, ಸಹಸ್ರಾರು ಸಂಸಾರಗಳಿಗೆ ಅನ್ನವಿತ್ತಿತು. ಆದರೆ ನಮ್ಮ ಕ್ಯಾಲೆಂಡರುಗಳಿಗೆ ಮಂಗಟ್ಟೆ ಹಕ್ಕಿಯ ಕೊಕ್ಕು, ರಾಫ್ಟಿಂಗಿನ ನೊರೆ ಇವಿಷ್ಟೇ ಸಾಕಾಗಿವೆ. ಕಾರ್ಖಾನೆಯ ಚಿಮಣಿಯು ಚೌಕಟ್ಟಿನಾಚೆಗೆ ಉಳಿದಿದೆ. (ಛಾಯಾಗ್ರಾಹಕರು ಅದಕ್ಕೆ ಬೆನ್ನು ಮಾಡಿಯೇ ನಿಲ್ಲುವರು!) ದಾಂಡೇಲಿಯ ನಗರಸಭೆಯು ಗೋಡೆಯೊಂದನ್ನು ಸ್ಥಳೀಯ ಚಿತ್ರಕಾರರಿಗೆ ಬಿಟ್ಟುಕೊಡಲಿ, ಅಲ್ಲಿ ಹಕ್ಕಿಯೊಡನೆ ಹೊಗೆಯೂ, ಬಿದಿರಿನ ಕೊರಡೂ, ಪಾಳಿ ಮುಗಿಸಿ ಸೈಕಲ್ಲು ತಳ್ಳಿಕೊಂಡು ಬರುವ ಕಾರ್ಮಿಕನೂ ಇರಲಿ.