ಆಕಾಶಯಾನವೂ ಬಡರೋಗಿಯೂ

ಮೂರ್ಛಿತನಾಗಿ ಬಿದ್ದವನನ್ನು ಹೆಲಿಕಾಪ್ಟರಿನಲ್ಲಿ ಹೊತ್ತೊಯ್ದು, ಅವನು ಬದುಕಿದ ಮೇಲೆ ಮನೆಮಾರು ಮಾರಿದರೂ ತೀರದ ಲೆಕ್ಕವನ್ನು ಕೈಗೆ ಕೊಡುವುದು ವ್ಯಾಪಾರವೇ ಹೊರತು ವೈದ್ಯವಲ್ಲ. ಅಮೆರಿಕಾ ದೇಶದಲ್ಲಿ ಇದು ಬಹುಕಾಲ ನಿರಾತಂಕವಾಗಿ ನಡೆಯಿತು. 2017ರಲ್ಲಿ ಅಲ್ಲಿ ಇಂತಹ ಪ್ರಯಾಣಗಳ ಪೈಕಿ ಅರ್ಧದಷ್ಟಕ್ಕೆ ಕೇಳಿದ ಹಣ ಸುಮಾರು 36,400 ಡಾಲರಿಗೂ ಮೇಲ್ಪಟ್ಟಿತ್ತು. ವಿಮಾನದರಗಳಿಗೆ ರಾಜ್ಯ ಸರಕಾರಗಳು ಕೈಹಾಕದಂತೆ ತಡೆದ 1978ರ ಶಾಸನವು, ಪ್ರವಾಸಿಗಳ ಹಿತಕ್ಕೆಂದು ಹುಟ್ಟಿ, ರೋಗಿಗಳ ಕೊರಳಿಗೆ ಉರುಳಾಯಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ಶಾಸನವು ವಿಮೆಯುಳ್ಳವರನ್ನು ಇಂತಹ ಲೆಕ್ಕಗಳಿಂದ ರಕ್ಷಿಸಿತು. ವಿಮೆಯಿಲ್ಲದವನಿಗೆ ಆ ರಕ್ಷೆ ಮುಟ್ಟಲಿಲ್ಲ. ಕೊಡೆ ಹಿಡಿದದ್ದು ಸೂರಿನ ಕೆಳಗಿದ್ದವನಿಗೆ!

ಪೂರ್ವಪಕ್ಷದವರ ವಾದವಿದು: ಯಂತ್ರಕ್ಕೆ ಬೆಲೆಯಿದೆ, ಇಂಧನಕ್ಕೆ ಬೆಲೆಯಿದೆ, ಚಾಲಕನಿಗೂ ದಾದಿಗೂ ಸಂಬಳವಿದೆ, ಕೊಡಲಾರದವನ ಪಾಲನ್ನು ಹೊರುವವರಾರು? ಮಾತು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ವೆಚ್ಚದ ಬಹುಭಾಗವು ಹಾರಿದ್ದಕ್ಕಲ್ಲ, ಹಗಲಿರುಳೂ ಹಾರಲು ಸಿದ್ಧವಾಗಿ ನಿಂತದ್ದಕ್ಕೆ. ಆ ಸಿದ್ಧತೆಯ ಫಲವು ಇಂದು ಆರೋಗ್ಯದಿಂದಿರುವವನಿಗೂ ಉಂಟು. ಬೆಂಕಿಯಾರಿಸುವ ದಳವು ತಿಂಗಳೆಲ್ಲ ಕಾದು ಕುಳಿತ ವೆಚ್ಚವನ್ನು ಮನೆ ಸುಟ್ಟುಕೊಂಡವನೊಬ್ಬನಿಂದಲೇ ವಸೂಲು ಮಾಡುವುದು ಯಾವ ಊರಿನ ನ್ಯಾಯ? ಇನ್ನು ಒಪ್ಪಂದವೆಂಬ ಮಾತು. ಕಣ್ಣು ತೆರೆಯಲಾರದವನು, ಬೇಡವೆನ್ನಲಾರದವನು, ಬೇರೆಡೆ ದರ ವಿಚಾರಿಸಲಾರದವನು ಯಾವ ಒಪ್ಪಂದಕ್ಕೆ ಸಮ್ಮತಿಸಿದನು?

ಇದು ಆಗದ ಕಾರ್ಯವೆಂದು ತಲೆಯಾಡಿಸುವವರು ಆಸ್ಟ್ರೇಲಿಯಾ ಖಂಡದ ಕಡೆಗೆ ನೋಡಬೇಕು. 1928ರ ಮೇ ತಿಂಗಳಲ್ಲಿ, ಜಾನ್ ಫ್ಲಿನ್ ಎಂಬ ಪಾದ್ರಿಯ ಪ್ರಯತ್ನದಿಂದ, ಕ್ವೀನ್ಸ್‌ಲೆಂಡಿನ ಕ್ಲಾನ್‌ಕರಿಯಿಂದ ವೈದ್ಯನನ್ನು ಹೊತ್ತ ಬಾಡಿಗೆಯ ವಿಮಾನವೊಂದು ಹಾರಿತು. ಹೀಗೆ ಮೊದಲಾದ ಸಂಸ್ಥೆಯು ಸರಕಾರದ ಹಣದಿಂದಲೂ ಜನರ ದಾನದಿಂದಲೂ ನಡೆಯುತ್ತಿದ್ದು, ಆಪತ್ತಿನಲ್ಲಿ ಒಯ್ದ ಆ ನಾಡಿನ ರೋಗಿಯಿಂದ ಬಾಡಿಗೆ ಕೇಳುವುದಿಲ್ಲ. ನೂರು ವರ್ಷ ಸಮೀಪಿಸಿದರೂ ಅದು ದಿವಾಳಿಯೆದ್ದಿಲ್ಲ.

ಭಾರತದಲ್ಲಿಯಾದರೋ, ರೈಲಿನಿಂದ ಬಿದ್ದವನೊಬ್ಬನನ್ನು ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಿಂದಿರುಗಿಸಿದ ಬಂಗಾಳದ ವ್ಯಾಜ್ಯದಲ್ಲಿ, ಹಣವಿಲ್ಲವೆಂಬುದು ಸರಕಾರಕ್ಕೆ ನೆಪವಾಗದೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು. ಆಸ್ಪತ್ರೆಯ ಬಾಗಿಲಿಗೆ ಸಲ್ಲುವ ನ್ಯಾಯವು ಆ ಬಾಗಿಲಿಗೆ ತಲಪಿಸುವ ದಾರಿಗೆ ಏಕೆ ಸಲ್ಲದು? ಹೃಷೀಕೇಶದ ಏಮ್ಸ್ ಆಸ್ಪತ್ರೆಯಿಂದ ಉತ್ತರಾಖಂಡದ ಬೆಟ್ಟಗಾಡಿನ ರೋಗಿಗಳಿಗಾಗಿ 2024ರ ಅಕ್ಟೋಬರಿನಲ್ಲಿ ಉಚಿತ ಹೆಲಿಕಾಪ್ಟರ್ ಸೇವೆಯು ಆರಂಭವಾಯಿತು, ಹೆಸರು ‘ಸಂಜೀವನಿ’. ಹೆಸರು ತಕ್ಕುದೇ. ಬೆಟ್ಟವನ್ನು ಹೊತ್ತು ತಂದ ಹನುಮಂತನು ಬಾಡಿಗೆ ಕೇಳಿದನೆಂದು ಯಾವ ರಾಮಾಯಣವೂ ಹೇಳುವುದಿಲ್ಲ. ಆದರೆ ಖಾಸಗಿಯವರ ವಿಮಾನವು ಸಾಮಾನ್ಯವಾಗಿ ಮುಂಗಡ ಬಂದ ಮೇಲೆಯೇ ನೆಲ ಬಿಡುವುದು. ರೋಗಿಯ ಉಸಿರು ಎಣಿಕೆಯಲ್ಲಿರುವಾಗ ಮನೆಯವರು ಒಡವೆ ಅಡವಿಡಲು ಓಡುತ್ತಿರುತ್ತಾರೆ.