ಲಿನಕ್ಸನ್ನು ಬಳ್ಳಿಯ ಹಾಗೆ ಹಂಚಿಕೊಳ್ಳೋಣ

ನಮ್ಮ ಮನೆಯ ಕಂಪ್ಯೂಟರಿಗೆ ಹನ್ನೊಂದು ವರ್ಷ ಆಯಿತು. ಅಡಿಕೆ ಮಾರಿದ ಲೆಕ್ಕ, ಆಳುಗಳ ಸಂಬಳ, ಮದ್ದು ಬಿಟ್ಟ ದಿನ, ಮಳೆಯ ಅಳತೆ ಎಲ್ಲ ಅದರಲ್ಲೇ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕುವ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ನಮ್ಮ ಹಳೇ ಯಂತ್ರದಲ್ಲಿ ಅದಿಲ್ಲ. ಪೇಟೆಯಲ್ಲಿ ವಿಚಾರಿಸಿದೆ. "ಗುಜರಿಗೆ ಹಾಕಿ ಮಾರಾಯ್ರೇ, ಹೊಸತು ತೆಗೊಳ್ಳಿ" ಅಂದರು. ನೀರೆತ್ತುತ್ತಿರುವ ಪಂಪನ್ನು ಯಾರಾದರೂ ಗುಜರಿಗೆ ಹಾಕುತ್ತಾರೆಯೇ?

ಹಾಗಾಗಿ ಲಿನಕ್ಸ್ ಕಡೆ ತಿರುಗಿದೆ. ಲಿನಕ್ಸ್ ಎಂಬುದು ಒಬ್ಬ ಯಜಮಾನನ ಸೊತ್ತಲ್ಲ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಶುರು ಮಾಡಿದ್ದು. ಅದನ್ನು ಬಳಸಬಹುದು, ಪ್ರತಿ ಮಾಡಬಹುದು, ನೆರೆಯವರಿಗೆ ಕೊಡಬಹುದು. ಕಾನೂನೇ ಹಾಗಿದೆ, ಕಳ್ಳತನ ಅಲ್ಲ. ಇದರ ಮೇಲೆ ಕಟ್ಟಿದ ವ್ಯವಸ್ಥೆಗಳು ಹಲವು. ನಾನು ಆರಿಸಿದ್ದು 1993ರಲ್ಲಿ ಆರಂಭವಾದ ಡೆಬಿಯನ್.

ಮೊದಲ ಸಲ ಸೋತೆ. ತಪ್ಪು ನನ್ನದೇ. ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಕೂತು 'ನೆಟ್‌ಇನ್‌ಸ್ಟ್' ಎಂಬ ಚಿಕ್ಕ ಕಡತ ಇಳಿಸಿಕೊಂಡು ಬಂದೆ. ಚಿಕ್ಕದು, ಬೇಗ ಇಳಿಯಿತು ಎಂಬ ಖುಷಿ. ಅದರಲ್ಲಿರುವುದು ತಳಪಾಯ ಮಾತ್ರ. ಉಳಿದದ್ದನ್ನು ಅದು ಇಂಟರ್ನೆಟ್ಟಿನಿಂದ ಎಳೆದುಕೊಳ್ಳಬೇಕು. ನಮ್ಮಲ್ಲಿ ಸಿಗ್ನಲ್ ಬೇಕಾದರೆ ತೋಟದ ತಲೆಗೆ ಹತ್ತಬೇಕು! ಕೊನೆಗೆ ಸಿಕ್ಕಿದ್ದು ಕಪ್ಪು ಪರದೆ, ಬಿಳಿ ಅಕ್ಷರ. ಗೊಬ್ಬರ ಇಲ್ಲದೆ ಬರೀ ಗುಂಡಿ ತೋಡಿದ ಹಾಗಾಯಿತು.

ಎರಡನೇ ಸಲ ಪೂರ್ತಿ ಡಿವಿಡಿಯ ಕಡತವನ್ನೇ ತಂದೆ. 8 ಜಿಬಿ ಪೆನ್‌ಡ್ರೈವಿಗೆ ಧಾರಾಳ ಹಿಡಿಸುತ್ತದೆ. ಆದರೆ ಸುಮ್ಮನೆ ಕಾಪಿ ಮಾಡಿದರೆ ಸಾಲದು. ರೂಫಸ್ ಅಥವಾ ಎಚರ್‌ನಂಥ ತಂತ್ರಾಂಶದಿಂದ ಬರೆಯಬೇಕು. ಆಗ ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದೆಲ್ಲ ಅಳಿಯುತ್ತದೆ. ಕಂಪ್ಯೂಟರ್ ಶುರುವಾಗುವಾಗ ಎಫ್12 ಒತ್ತಿ (ಕೆಲವು ಯಂತ್ರಗಳಲ್ಲಿ ಬೇರೆ ಕೀಲಿ) ಪೆನ್‌ಡ್ರೈವನ್ನು ಆರಿಸಿದೆ. ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ. ನೆಟ್‌ವರ್ಕ್ ಕೇಳಿದಾಗ "ಈಗ ಬೇಡ" ಎಂದೆ. ನೆಟ್‌ವರ್ಕ್ ಮಿರರ್ ಬೇಕೇ ಎಂದು ಕೇಳಿದರೆ ಅದಕ್ಕೂ "ಬೇಡ" ಎನ್ನಬೇಕು. ಸಂಜೆಗೆ ಕೂತವನು ಊಟದ ಹೊತ್ತಿಗೆ ಎದ್ದೆ. ಪತ್ರ ಬರೆಯಲು, ಲೆಕ್ಕ ಇಡಲು ಲಿಬ್ರೆ ಆಫೀಸ್ ಒಟ್ಟಿಗೇ ಬಂತು.

ಒಂದು ಎಚ್ಚರಿಕೆ. ಡಿಸ್ಕ್ ಪೂರ್ತಿ ಅಳಿಸಲೇ ಎಂದು ಕೇಳುವ ಜಾಗದಲ್ಲಿ ಅವಸರ ಮಾಡಿದರೆ ಹಳೇ ಲೆಕ್ಕ, ಮದುವೆ ಫೋಟೋ ಎಲ್ಲ ಹೋಯಿತು ಅಂತಲೇ ಲೆಕ್ಕ. ನಾನು ಮೊದಲೇ ಎಲ್ಲವನ್ನೂ ಬೇರೆ ಡಿಸ್ಕಿಗೆ ಹಾಕಿಟ್ಟಿದ್ದೆ. ನೀವೂ ಹಾಗೆಯೇ ಮಾಡಿ.

"ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇಷ್ಟೆಲ್ಲ ಪೇಚಾಟ ಎಂತಕ್ಕೆ?" ಎಂದು ಕೇಳುವವರಿದ್ದಾರೆ. ಹೌದು, ಮೊಬೈಲನ್ನು ತಂತಿಯಿಂದ ಜೋಡಿಸಿ ಇಂಟರ್ನೆಟ್ ಕೊಡಬಹುದು. ಆದರೆ ಕೈಕೊಡುವುದು ಯಾವಾಗ? ಜುಲೈಯಲ್ಲಿ ಮರ ಬಿದ್ದು ತಂತಿ ಹೋದಾಗ, ಟವರಿಗೇ ಕರೆಂಟು ಇಲ್ಲದಾಗ. ಪಂಪಿನ ವಾಶರನ್ನು ನಾವು ಬೇಸಿಗೆಗೆ ಮೊದಲೇ ತಂದಿಡುವುದಿಲ್ಲವೇ? ಇದೂ ಅಷ್ಟೇ.

ನನ್ನ ಅಭಿಪ್ರಾಯ ಇಷ್ಟು. ಊರಿಗೊಂದು ಪೂರ್ತಿ ಪ್ರತಿ ಇರಬೇಕು. ಸೊಸೈಟಿಯಲ್ಲೋ, ಶಾಲೆಯಲ್ಲೋ, ವಾಚನಾಲಯದಲ್ಲೋ ಒಂದು ಪೆನ್‌ಡ್ರೈವ್ ಇಟ್ಟರೆ ಸಾಕು. ಬೇಕಾದವರು ಒಯ್ದು ಹಾಕಿಕೊಂಡು ತಂದುಕೊಡಲಿ. ಒಳ್ಳೆಯ ಕಾಳುಮೆಣಸಿನ ಬಳ್ಳಿಯನ್ನು ಹೀಗೇ ತಾನೇ ಊರೆಲ್ಲ ಹಬ್ಬಿಸಿದ್ದು? ಆದರೆ ರೋಗದ ಬಳ್ಳಿ ಹಂಚಬಾರದು. ಇಳಿಸಿದ ಕಡತ ಅಸಲಿಯೇ, ಅರ್ಧದಲ್ಲಿ ಕೆಟ್ಟಿದೆಯೇ ಎಂದು ತಿಳಿಯಲು ಡೆಬಿಯನ್ನಿನವರು ಒಂದು ತಾಳೆ ಸಂಖ್ಯೆ ಕೊಡುತ್ತಾರೆ. ಹಂಚುವವರು ಅದನ್ನು ನೋಡಿಯೇ ಹಂಚಬೇಕು.

ಹಳ್ಳಿಯವರಿಗೆ ಇದು ಆಗದ ಕೆಲಸ ಎನ್ನುವವರು ಪಕ್ಕದ ಕೇರಳವನ್ನು ನೋಡಲಿ. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸೇ ನಡೆಯುತ್ತಿದೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಮಕ್ಕಳಿಗೆ ಆಗುವುದು ನಮಗೆ ಯಾಕಾಗದು?

ಕೊರತೆಯನ್ನೂ ಮುಚ್ಚಿಡುವುದಿಲ್ಲ. ಟ್ಯಾಲಿ ಇದರಲ್ಲಿ ನೇರವಾಗಿ ಓಡದು. ನುಡಿಯ ಹಳೇ ಅಕ್ಷರದಲ್ಲಿ ಬರೆದದ್ದನ್ನು ಯುನಿಕೋಡಿಗೆ ಬದಲಿಸದಿದ್ದರೆ ಬರೀ ಗೀಚಿದ ಹಾಗೆ ಕಾಣುತ್ತದೆ. ಹಳೇ ಪ್ರಿಂಟರು ಹಟ ಮಾಡಬಹುದು. ಭದ್ರತೆಯ ಹೊಸ ತಿದ್ದುಪಡಿ ಹಾಕಲು ಆಗೀಗ ಇಂಟರ್ನೆಟ್ಟಿಗೆ ಜೋಡಿಸಲೇಬೇಕು. ಹಾಗಾಗಿ ಹಾಕುವ ಮೊದಲು ನಿಮ್ಮ ಕೆಲಸ ಇದರಲ್ಲಿ ಆಗುತ್ತದೆಯೇ ನೋಡಿ. ಡೆಬಿಯನ್ನಿನಲ್ಲೇ 'ಲೈವ್' ಎಂಬ ಇನ್ನೊಂದು ಬಗೆ ಇದೆ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು.

ನಮ್ಮ ಯಂತ್ರ ಈಗಲೂ ನಡೆಯುತ್ತಿದೆ. ಈ ಬರಹವನ್ನು ಬರೆದದ್ದೂ ಅದರಲ್ಲೇ. ಪೆನ್‌ಡ್ರೈವಿನ ಇನ್ನೊಂದು ಪ್ರತಿ ಮಾಡಿ ನಮ್ಮ ಊರಿನ ಸೊಸೈಟಿಯ ಕಪಾಟಿನಲ್ಲಿ ಇಟ್ಟಿದ್ದೇನೆ. ಈವರೆಗೆ ಇಬ್ಬರು ಒಯ್ದಿದ್ದಾರೆ. ನಿಮ್ಮ ಊರಿನಲ್ಲಿ ಇಡುವವರು ಯಾರು?