ಗೋದಲಿಯಲ್ಲಿ ಕುರಿ ಕಾಯೋನು ಮುಂದೆ ಇರಬೇಕು



ಡಿಸೆಂಬರ್ ಬಂತು ಅಂದರೆ ನಮ್ಮ ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯದ ಕಡೆ ಮನೆ ಮುಂದೆ ಕಾಗದದ ನಕ್ಷತ್ರ ಕಟ್ಟುತ್ತಾರೆ, ಒಳಗೆ ಗೋದಲಿ ಮಾಡುತ್ತಾರೆ. ಗೋದಲಿ ಅಂದರೆ ದನಕ್ಕೆ ಮೇವು ಹಾಕೋ ಜಾಗ, ನಾವು ಗೊಂತು ಅಂತೀವಲ್ಲ, ಅದೇ. ಯೇಸುಕೂಸನ್ನು ಅಲ್ಲಿ ಮಲಗಿಸಿದ್ದರು. ಛತ್ರದಲ್ಲಿ ಜಾಗ ಸಿಗಲಿಲ್ಲವಂತೆ.

ನಮ್ಮದು ಮಾದಪ್ಪನ ಒಕ್ಕಲು, ನಮ್ಮ ಮನೇಲಿ ಈ ಹಬ್ಬ ಇಲ್ಲ. ಆದರೂ ಹೋದ ವರ್ಷ ಗೆಳೆಯ ಕರೆದ ಅಂತ ಅವರ ಗೋದಲಿಗೆ ಒಂದು ಹೊರೆ ಹುಲ್ಲು ಹೊತ್ತುಕೊಂಡು ಹೋದೆ. ಅವನು ಮೂರು ರಾಜರ ಬೊಂಬೆಗಳನ್ನು ಮುಂದೆ ನಿಲ್ಲಿಸಿದ. ಕುರಿ ಕಾಯೋನ ಬೊಂಬೆಯನ್ನು ಹಿಂದೆ ಹುಲ್ಲಿನ ಮರೆಗೆ ಇಟ್ಟ. ಯಾಕ್ಲಾ ಅಂದೆ. "ಅವನ ಬಣ್ಣ ಹೋಗದೆ ಕನ, ಹಿಂದೆ ಇರಲಿ" ಅಂದ. ನನಗೆ ಯಾಕೋ ನನ್ನನ್ನೇ ಹಿಂದಕ್ಕೆ ತಳ್ಳಿದಂಗಾಯ್ತು. ಭಾನುವಾರ ಕುರಿ ಹೊಡೆದುಕೊಂಡು ಹೋಗೋನು ನಾನು. ಕಂಬಳಿ ವಾಸನೆ ಅಂತ ನಮ್ಮ ತರಗತೀಲಿ ಯಾರು ಯಾರು ಮೂಗು ಮುಚ್ಚುತ್ತಾರೆ ಅಂತ ಹೆಸರು ಬರೆಯೋದಿಲ್ಲ.

ಆಗ ಅವರ ಅಜ್ಜಿ ಕತೆ ಹೇಳಿದರು. ಕೂಸು ಹುಟ್ಟಿದ ಸಂತೋಷದ ಸುದ್ದಿಯನ್ನು ದೇವದೂತ ಮೊದಲು ಹೇಳಿದ್ದು ರಾಜರಿಗಲ್ಲ. ರಾತ್ರಿ ಬಯಲಲ್ಲಿ ಮಂದೆ ಕಾಯುತ್ತಿದ್ದವರಿಗೆ. ಲೂಕನ ಪುಸ್ತಕದಲ್ಲಿ ಹಾಗೇ ಇದೆ. ಮತ್ತಾಯನ ಪುಸ್ತಕದಲ್ಲಿ ಬರೋರು ಮೂಡಣ ಸೀಮೆಯ ಜೋಯಿಸರು, ಅವರು ಮೂರು ಜನ ಅಂತಲೂ ಬರೆದಿಲ್ಲವಂತೆ! 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿದಾಗ ನಿಜವಾದ ಎತ್ತು, ಕತ್ತೆಯನ್ನೇ ತಂದು ಕಟ್ಟಿದ್ದರು. ಅಲ್ಲಿ ವಾಸನೆ ಇರಲಿಲ್ಲವೇ?

ಕತೆ ಕೇಳುವಾಗ ನನಗೆ ನಮ್ಮಪ್ಪನ ನೆನಪಾಯ್ತು. ಅದೇ ಹೊತ್ತಿನಲ್ಲಿ ಅಪ್ಪ ರಾಗಿ ಹೊಲದ ಅಟ್ಟಣೆ ಮೇಲೆ ಕಂಬಳಿ ಹೊದ್ದು ಆನೆ, ಹಂದಿ ಕಾಯುತ್ತಾ ಕೂತಿದ್ದರು. ಹಬ್ಬದ ಕಜ್ಜಾಯ, ಮುರುಕು ಮನೆ ಮನೆಗೆ ಹೋಗುತ್ತದೆ, ಮೇಷ್ಟರ ಮನೆಗೂ ಹೋಗುತ್ತದೆ. ಅಟ್ಟಣೆಗೆ ಯಾರೂ ಕೊಡೋದಿಲ್ಲ. ಕತೆಯಲ್ಲಿ ಮೊದಲು ಸುದ್ದಿ ಸಿಕ್ಕಿದ್ದು ಕಾವಲಿನವರಿಗೆ. ಆದ್ದರಿಂದ ಮೊದಲ ತಟ್ಟೆ ಅಲ್ಲಿಗೇ ಹೋಗಬೇಕು ಅನ್ನೋದು ನನ್ನ ಅಭಿಪ್ರಾಯ.

"ಅವರ ಹಬ್ಬ ನಿನಗ್ಯಾಕೆ?" ಅಂತ ಕೆಲವರು ಕೇಳಿದರು. ಕಂಸಾಳೆಯವರು ಮಾದಪ್ಪನ ಕತೆ ಹಾಡಿದರೆ ನನ್ನ ಗೆಳೆಯನೂ ಬಂದು ನಮ್ಮ ಜಗಲಿ ಮೇಲೆ ಕೂರುತ್ತಾನೆ, ನಿದ್ದೆ ಬಂದರೂ ಏಳೋದಿಲ್ಲ. ಅವನನ್ನು ಯಾರೂ ಹಂಗೆ ಕೇಳಿಲ್ಲ. ಸಂತೋಷ ಎಲ್ಲ ಜನಕ್ಕೂ ಅಂತ ಆ ದೇವದೂತನೇ ಹೇಳಿದ ಮೇಲೆ ನಾವು ಯಾಕೆ ಬೇಲಿ ಹಾಕಬೇಕು?

ಅಜ್ಜಿ ಆವತ್ತೇ ಆ ಬೊಂಬೆಯನ್ನು ಎತ್ತಿ ಕೂಸಿನ ಪಕ್ಕ ಇಟ್ಟರು. ಗೆಳೆಯ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಆಮೇಲೆ ಸರಿಯಾದ.

ಈ ವರ್ಷ 24ನೇ ತಾರೀಕು ನಾವಿಬ್ಬರೂ ಕಜ್ಜಾಯದ ಡಬ್ಬ ತಗೊಂಡು ಅಟ್ಟಣೆಗಳಿಗೆ ಹೋಗ್ತೀವಿ. ಕತ್ತಲಾದರೆ ಆನೆ ಭಯ, ಅದಕ್ಕೆ ಹೊತ್ತು ಮುಳುಗೋಕೆ ಮುಂಚೆಯೇ ಹೋಗಿ ಬರಬೇಕು. ನಮ್ಮಪ್ಪಂದು ಬಿಟ್ಟು ಇನ್ನೂ ನಾಲ್ಕು ಅಟ್ಟಣೆ ಇವೆ. ಬರೋರು ಊಟದ ಬಿಡುವಿನಲ್ಲಿ ನನಗೆ ಹೇಳಿ.